ಹೇಮಾವತಿಯ ದಡದಲ್ಲಿ ಉರುಕ್‌ನಂತಹ ನಗರ ಏಕೆ ಹುಟ್ಟಲಿಲ್ಲ?

ಪ್ರಶ್ನೆ: ಬೇಲೂರು ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಾಚೀನ ನಾಗರಿಕತೆಗಳ ಪಾಠ ಬಂದಾಗಲೆಲ್ಲ ನಾವು ಒಂದೇ ಮಾತಿನಿಂದ ಆರಂಭಿಸುತ್ತೇವೆ: ನದಿಯಿದ್ದಲ್ಲಿ ನೀರಿತ್ತು, ನೀರಿದ್ದಲ್ಲಿ ಫಲವತ್ತಾದ ಮಣ್ಣಿತ್ತು, ಆದ್ದರಿಂದ ಅಲ್ಲಿ ನಾಗರಿಕತೆ ಬೆಳೆಯಿತು. ನೈಲ್, ಯೂಫ್ರೆಟಿಸ್ ಮತ್ತು ಟೈಗ್ರಿಸ್, ಸಿಂಧೂ, ಹ್ವಾಂಗ್ ಹೋ ಎಂದು ಹೆಸರುಗಳನ್ನು ಬರೆಸಿ, ಭೂಪಟದಲ್ಲಿ ಗುರುತು ಹಾಕಿಸಿ ಮುಂದಿನ ಪಾಠಕ್ಕೆ ಹೋಗುವುದು ನಮ್ಮ ರೂಢಿ.

ಕಳೆದ ವಾರ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಹೇಮಾವತಿಯೂ ನದಿ, ಯಗಚಿಯೂ ನದಿ. ಮಳೆಯಂತೂ ನಮ್ಮಲ್ಲಿ ಈಜಿಪ್ಟಿಗಿಂತ ಎಷ್ಟೋ ಜಾಸ್ತಿ. ಮತ್ತೆ ಐದು ಸಾವಿರ ವರ್ಷದ ಹಿಂದೆ ಇಲ್ಲಿ ಯಾರೂ ಯಾಕೆ ಪಟ್ಟಣ ಕಟ್ಟಲಿಲ್ಲ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ಆ ನಾಳೆ ಇನ್ನೂ ಬಂದಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ನಮ್ಮವರಿಗೆ ಆಗ ಬುದ್ಧಿ ಇರಲಿಲ್ಲ" ಎಂದು ನಗಿಸಿದ್ದು ನನ್ನನ್ನು ಹೆಚ್ಚು ಕಾಡುತ್ತಿದೆ. ಏಕೆಂದರೆ ನಾವು ಪಾಠ ಮಾಡುವ ಕ್ರಮದಿಂದ ಮಕ್ಕಳು ತೆಗೆಯಬಹುದಾದ ತೀರ್ಮಾನವೂ ಅದೇ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ಚಿಕ್ಕಮಗಳೂರು

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ನದಿ ಎಲ್ಲ ಕಡೆಯೂ ಇದೆ. ಆದರೆ ನದಿಯ ಆಚೆ ಏನಿತ್ತು ಎಂದು ನಾವು ಯಾರೂ ಕೇಳುವುದಿಲ್ಲ. ಕೈರೋದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 25 ಮಿ.ಮೀ.; ಸಕಲೇಶಪುರದಲ್ಲಿ ಆಷಾಢದ ಒಂದು ರಾತ್ರಿಗೆ ಅಷ್ಟು ಬಿದ್ದರೆ ಬೆಳಿಗ್ಗೆ ಯಾರೂ ಅದರ ಮಾತೆತ್ತುವುದಿಲ್ಲ. ನೈಲ್ ಕಣಿವೆಯ ಹಸಿರು ಪಟ್ಟಿಯಿಂದ ಕಾಲು ಹೊರಗಿಟ್ಟರೆ ಮರಳುಗಾಡು. ದಕ್ಷಿಣ ಇರಾಕಿನಲ್ಲಿ ಬೀಳುವ ಮಳೆಯೂ ಅದನ್ನೇ ನಂಬಿ ಬೆಳೆ ತೆಗೆಯಲು ಸಾಲದು. ಆದ್ದರಿಂದ ಆ ನಾಡುಗಳಲ್ಲಿ ಬದುಕು ನದಿಯ ದಡಕ್ಕೆ ಕಟ್ಟಿಹಾಕಿದಂತಿತ್ತು. ಜನಸಂಖ್ಯೆ ಹೆಚ್ಚಿದಾಗ, ಜಗಳವಾದಾಗ, ಮುಖಂಡನೊಬ್ಬ ಕಾಳು ಕೊಡು ಎಂದು ಪೀಡಿಸಿದಾಗ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕಾರ್ನೈರೋ 1970ರಲ್ಲಿ ರಾಜ್ಯದ ಹುಟ್ಟಿಗೆ ಈ ದಿಗ್ಬಂಧನವೇ ಮುಖ್ಯ ಕಾರಣವೆಂದು ವಾದಿಸಿದರು. ನಮ್ಮ ಮಲೆನಾಡಿನಲ್ಲಿ ಮುನಿದವನು ಒಂದು ಗುಡ್ಡ ದಾಟಿದರೆ ಸಾಕು: ಅಲ್ಲಿ ಇನ್ನೊಂದು ಹಳ್ಳ, ಇನ್ನಷ್ಟು ಕಾಡು.

ಎರಡನೆಯದಾಗಿ, "ನದಿ ಫಲವತ್ತಾದ ಮಣ್ಣು ಕೊಟ್ಟಿತು" ಎಂಬ ಮಾತು ಎಲ್ಲ ನದಿಗಳಿಗೂ ಒಂದೇ ರೀತಿ ಹೊಂದುವುದಿಲ್ಲ. ನೈಲ್ ನದಿಯ ಪ್ರವಾಹ ಬರುತ್ತಿದ್ದುದು ಇಥಿಯೋಪಿಯದ ಎತ್ತರದ ನೆಲದಲ್ಲಿ ಸುರಿಯುವ ಮಳೆಯಿಂದ, ಅದೂ ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿಯೇ. ಅಲ್ಲಿನ ಬೇಸಿಗೆಯ ಕೊನೆಗೆ ಏರಿದ ನೀರು ಕಪ್ಪು ಮೆಕ್ಕಲನ್ನು ಹರಡಿ, ಅಕ್ಟೋಬರ್ ಹೊತ್ತಿಗೆ ಇಳಿಯುತ್ತಿತ್ತು. ಹದಗೊಂಡ ನೆಲಕ್ಕೆ ರೈತ ಬೀಜ ಚೆಲ್ಲಿದರೆ ಬೆಳೆ ಬರುತ್ತಿತ್ತು. ಈಜಿಪ್ಟಿನವರ ವರ್ಷದಲ್ಲಿ ಮೂರೇ ಋತುಗಳು: ಪ್ರವಾಹ, ಬಿತ್ತನೆ, ಕೊಯ್ಲು. ಮೆಸೊಪೊಟೇಮಿಯದ, ಅಂದರೆ ಇಂದಿನ ಇರಾಕಿನ ಕಡೆಯ ರೈತನಿಗೆ ಈ ಭಾಗ್ಯವಿರಲಿಲ್ಲ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ತುಂಬುತ್ತಿದ್ದುದು ಉತ್ತರದ ಪರ್ವತಗಳ ಹಿಮ ಕರಗಿದ ಮೇಲೆ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಶರತ್ಕಾಲದಲ್ಲಿ ಬಿತ್ತಿದ ಬಾರ್ಲಿ ತೆನೆಗಟ್ಟಿ ಕೊಯ್ಲಿಗೆ ನಿಂತ ಹೊತ್ತಿಗೆ ಸರಿಯಾಗಿ ನೆರೆ ಬರುತ್ತಿತ್ತು. ಬಿತ್ತುವಾಗ ನೀರಿಲ್ಲ, ಕೊಯ್ಯುವಾಗ ಬೇಡವೆಂದರೂ ನೀರು! ಆದ್ದರಿಂದ ಅವರು ಕಾಲುವೆ ತೋಡಬೇಕಾಯಿತು, ಏರಿ ಕಟ್ಟಬೇಕಾಯಿತು, ಹೂಳು ತೆಗೆಯಬೇಕಾಯಿತು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಪಂಚಾಯಿತಿಯನ್ನೂ ನಡೆಸಬೇಕಾಯಿತು. ಕಾಲುವೆಯ ಕೊನೆಯ ಭಾಗದಲ್ಲಿ ಗದ್ದೆಯಿರುವವರಿಗೆ ಈ ಪಂಚಾಯಿತಿ ಎಂಥದೆಂದು ನಾನು ಹೇಳಬೇಕಾಗಿಲ್ಲ.

ಇದರ ಫಲವಾಗಿ ಕ್ರಿ.ಪೂ. 3300ರಿಂದ 3200ರ ಸುಮಾರಿಗೆ ಅಲ್ಲಿನ ಉರುಕ್ ನಗರದಲ್ಲಿ ಜಗತ್ತಿನ ಮೊದಲ ಬರವಣಿಗೆ ಕಾಣಿಸಿಕೊಂಡಿತು. ಆ ಜೇಡಿಮಣ್ಣಿನ ಹಲಗೆಗಳಲ್ಲಿ ಕಾವ್ಯವಿಲ್ಲ, ರಾಜರ ಬಿರುದುಗಳಿಲ್ಲ. ಬಹುಪಾಲು ಬರೀ ಲೆಕ್ಕ: ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಹೋಯಿತು, ಇಷ್ಟು ಬಿಯರ್ ಹಂಚಲಾಯಿತು. "ಉಣ್ಣು" ಎಂಬುದಕ್ಕೆ ಅವರು ಬರೆಯುತ್ತಿದ್ದ ಚಿಹ್ನೆ ಒಂದು ತಲೆ ಮತ್ತು ಅದರ ಬಾಯಿಯ ಹತ್ತಿರ ಒಂದು ಬಟ್ಟಲು. ಅದೇ ಚಿಹ್ನೆಗೆ ಪಡಿ ಎಂಬ ಅರ್ಥವೂ ಇತ್ತು. ಅದೇ ಆಕಾರದ ಒರಟು ಮಣ್ಣಿನ ಬಟ್ಟಲುಗಳು ಆ ಕಾಲದ ನೆಲೆಗಳಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಕೂಲಿಯವರಿಗೆ ಪಡಿ ಅಳೆದು ಕೊಡಲು ಅವನ್ನು ಬಳಸುತ್ತಿದ್ದರೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಹೀಗಾಗಿ ನಗರ ಹುಟ್ಟಿದ್ದು ಸಮೃದ್ಧಿಯಿಂದ ಎನ್ನುವುದಕ್ಕಿಂತ ಇಕ್ಕಟ್ಟಿನಿಂದ ಎನ್ನುವುದು ನನಗೆ ಸರಿಯೆನಿಸುತ್ತದೆ.

ಉತ್ತರ 2: ಮೂಡಿಗೆರೆ ಕಡೆಯ ಬೆಳೆಗಾರ

ಸರ್ ಅವರ ಉತ್ತರಕ್ಕೆ ನೆಲದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಾನು ಇತಿಹಾಸ ಓದಿದವನಲ್ಲ. ಕಾಫಿಯ ಜೊತೆಗೆ ಸ್ವಲ್ಪ ಗದ್ದೆ ಇಟ್ಟುಕೊಂಡಿರುವವನು. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲಿಯೇ, ಜಾವಳಿಯ ಹತ್ತಿರ.

ನಗರಕ್ಕೆ ಕೂಡಿಟ್ಟ ಕಾಳು ಬೇಕು. ಕೂಡಿಡಲು ಒಣ ಹವೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಭತ್ತವನ್ನು ಕಣಜದಲ್ಲಿಟ್ಟು, ಒಲೆಯ ಹೊಗೆ ತಾಗುವಂತೆ ಅಟ್ಟದ ಮೇಲೆ ಬೀಜ ಕಟ್ಟಿ ಮಳೆಗಾಲ ದಾಟಿಸುವುದನ್ನು ಕಲಿಯಲು ನಮ್ಮ ಹಿರಿಯರು ಎಷ್ಟು ತಲೆಮಾರು ತೆಗೆದುಕೊಂಡರೋ! ಇದಕ್ಕೆ ಹೋಲಿಸಿದರೆ ಬಯಲುಸೀಮೆಯ ರಾಗಿ ಭಾಗ್ಯವಂತ ಧಾನ್ಯ. ನೆಲದೊಳಗೆ ಹಗೇವು ತೋಡಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಯೇ ಬಾರದ ಈಜಿಪ್ಟಿನಲ್ಲಿ ಗೋಧಿ ಮತ್ತು ಬಾರ್ಲಿಯನ್ನು ಕೂಡಿಡುವುದು ಇನ್ನೂ ಸುಲಭವಾಗಿದ್ದಿರಬೇಕು.

ಮಣ್ಣಿನ ವಿಷಯವೂ ಇದೆ. ನಮ್ಮ ಕೆಂಪು ಮಣ್ಣಿನ ಸಾರವನ್ನು ಮಳೆಯೇ ತೊಳೆದುಕೊಂಡು ಹೋಗುತ್ತದೆ. ಹೇಮಾವತಿ ಇಲ್ಲಿ ಮೆಕ್ಕಲನ್ನು ತಂದು ಹಾಸುವ ನದಿಯಲ್ಲ, ಇಳಿಜಾರಿನಲ್ಲಿ ಮಣ್ಣನ್ನು ಕಿತ್ತು ಒಯ್ಯುವ ನದಿ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದಲ್ಲಿ ಎರಡು ಮೂರು ವರ್ಷ ಬೆಳೆ ಬಂದೀತು. ಆಮೇಲೆ ಜಾಗ ಬದಲಿಸಬೇಕು. ಕಲ್ಲಿನ ಕೊಡಲಿ ಹಿಡಿದು ಮಲೆನಾಡಿನ ಮರ ಉರುಳಿಸುವುದನ್ನು ಯೋಚಿಸಿ ನೋಡಿ. ಕಡಿದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ಆಳೆತ್ತರದ ಪೊದೆ ಎದ್ದಿರುತ್ತದೆ. ಇಂದಿಗೂ ನಾವು ಕಳೆ ತೆಗೆಸಲು ಕೊಡುವ ಕೂಲಿಯೇ ಇದಕ್ಕೆ ಸಾಕ್ಷಿ.

ಆದರೆ ಇಲ್ಲಿ ಹಸಿವೂ ಇರಲಿಲ್ಲವೆಂದು ನನ್ನ ಊಹೆ. ಕಾಡಿನಲ್ಲಿ ಗೆಡ್ಡೆಯಿದೆ, ಹಲಸಿದೆ, ಬೈನೆಯಿದೆ, ಕಳಲೆಯಿದೆ, ಜೇನಿದೆ, ಹಳ್ಳದಲ್ಲಿ ಮೀನು ಮತ್ತು ಏಡಿಯಿದೆ. ಇವುಗಳಲ್ಲಿ ಯಾವುದನ್ನು ಶಾನುಭೋಗರು ಕಣದಲ್ಲಿ ಕುಳಿತು ಅಳೆಯಬಲ್ಲರು? ನೆಲದೊಳಗಿನ ಗೆಣಸು ಲೆಕ್ಕಕ್ಕೆ ಸಿಗುವುದಿಲ್ಲ, ಹಲಸಿನ ಹಣ್ಣು ಉಗ್ರಾಣಕ್ಕೆ ಬರುವ ಮುಂಚೆಯೇ ಕೊಳೆಯುತ್ತದೆ. ಏಕಕಾಲಕ್ಕೆ ಮಾಗುವ, ಕಣ್ಣಿಗೆ ಕಾಣುವ, ಒಣಗಿಸಿ ಅಳೆದು ಸಾಗಿಸಬಹುದಾದ ಬೆಳೆ ಧಾನ್ಯವೊಂದೇ. ರಾಜನಿಗೆ ಬೇಕಾದ ಬೆಳೆಯೂ ಅದೇ.

ನಮ್ಮ ಅಂಗಡಿ ಗ್ರಾಮದ ಉದಾಹರಣೆ ಕೊಡುತ್ತೇನೆ. ಹಳೆಯ ಸೊಸೆವೂರು ಅದು, ಹೊಯ್ಸಳರ ಮೂಲಸ್ಥಾನ. "ಮಲೆಪರೊಳ್ಗಂಡ" ಎಂದರೆ ಮಲೆಯ ನಾಯಕರಲ್ಲಿ ಗಂಡುಗಲಿ ಎಂದು ಹೆಮ್ಮೆಯಿಂದ ಹೇಳಿಕೊಂಡವರು. ಆದರೆ ರಾಜ್ಯ ಬೆಳೆದಂತೆ ಅವರು ಮಲೆಯಲ್ಲಿ ಉಳಿಯಲಿಲ್ಲ. ಬೇಲೂರಿಗೆ ಇಳಿದರು, ಅಲ್ಲಿಂದ ಇನ್ನೂ ಪೂರ್ವಕ್ಕೆ ದೋರಸಮುದ್ರಕ್ಕೆ, ಇಂದಿನ ಹಳೇಬೀಡಿಗೆ ಹೋದರು. ಸಮುದ್ರವೆಂದರೆ ಅಲ್ಲಿನ ಕೆರೆ. ಮಳೆ ಹೆಚ್ಚಿರುವ ಊರನ್ನು ಬಿಟ್ಟು, ಮಳೆ ಕಡಿಮೆಯಿರುವ ಕಡೆ ಕೆರೆಯನ್ನು ನಂಬಿ ರಾಜಧಾನಿ ಮಾಡಿದರು. ಕ್ರಿ.ಪೂ. ಕಾಲದ ಕಥೆ ಇದಲ್ಲ ಎಂಬುದು ಗೊತ್ತು. ಆದರೆ ಬೇಲೂರಿನ ಮಕ್ಕಳಿಗೆ ಕಣ್ಣಾರೆ ತೋರಿಸಬಹುದು.

ಉತ್ತರ 3: ಪುರಾತತ್ತ್ವ ವಿದ್ಯಾರ್ಥಿ, ಅರಸೀಕೆರೆ

ಇಬ್ಬರು ಹಿರಿಯರ ಮಾತುಗಳೂ ಚೆನ್ನಾಗಿವೆ, ಆದರೆ "ಒಣ ನಾಡಾದರೆ ನಗರ, ಮಳೆ ನಾಡಾದರೆ ಕಾಡು" ಎಂದು ಮಕ್ಕಳು ಬರೆದುಕೊಂಡರೆ ಒಂದು ತಪ್ಪು ಸೂತ್ರದ ಜಾಗಕ್ಕೆ ಇನ್ನೊಂದು ತಪ್ಪು ಸೂತ್ರ ಬಂದಂತಾಗುತ್ತದೆ ಎಂಬ ಆತಂಕ ನನ್ನದು.

ಚೀನಾದ ಯಾಂಗ್‌ಟ್ಸಿ ನದಿಯ ಮುಖಜ ಭೂಮಿಯಲ್ಲಿರುವ ಲಿಯಾಂಗ್‌ಝು ನೆಲೆಯನ್ನು ನೋಡಿ. ಕ್ರಿ.ಪೂ. 3300ರಿಂದ 2300ರವರೆಗೆ ಅಲ್ಲಿ ಸುಮಾರು 300 ಹೆಕ್ಟೇರ್ ವಿಸ್ತಾರದ, ಗೋಡೆ ಸುತ್ತಿದ ಪಟ್ಟಣವಿತ್ತು. ಮೆಸೊಪೊಟೇಮಿಯದಂತೆ ನೀರಿಗೆ ಪರದಾಡಿದವರಲ್ಲ ಅವರು. ಜೌಗು ನೆಲದಲ್ಲಿ ಭತ್ತ ಬೆಳೆದವರು, ಗುಡ್ಡಗಳಿಂದ ನುಗ್ಗುವ ನೀರನ್ನು ತಡೆಯಲು ಒಡ್ಡುಗಳನ್ನು ಕಟ್ಟಿದವರು. ಸುಟ್ಟು ಕರಕಲಾದ ಅಕ್ಕಿಯ ದೊಡ್ಡ ರಾಶಿಯೂ ಅಲ್ಲಿ ಸಿಕ್ಕಿದೆ. 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಧ್ಯ ಅಮೆರಿಕದ ಮಾಯಾ ಜನರಂತೂ ದಟ್ಟ ಕಾಡಿನ ನಡುವೆಯೇ ಟಿಕಾಲ್‌ನಂತಹ ನಗರ ಕಟ್ಟಿದರು, ಅದೂ ದೊಡ್ಡ ನದಿಯಿಲ್ಲದ ಜಾಗದಲ್ಲಿ. ಅಲ್ಲಿ ಸುಣ್ಣಕಲ್ಲಿನ ನೆಲ ನೀರನ್ನು ಹೀರಿಬಿಡುವುದರಿಂದ, ಬೇಸಿಗೆಯ ತಿಂಗಳುಗಳಿಗಾಗಿ ಮಳೆನೀರನ್ನು ಕೊಳಗಳಲ್ಲಿ ಹಿಡಿದಿಟ್ಟರು. ಮಳೆ ಬಿದ್ದ ಮಾತ್ರಕ್ಕೆ ನಗರ ಅಸಾಧ್ಯವಲ್ಲ.

ಸಿಂಧೂ ನಾಗರಿಕತೆಯೂ ಕಾರ್ನೈರೋ ಅವರ ಚೌಕಟ್ಟಿಗೆ ಸುಲಭವಾಗಿ ಕೂರುವುದಿಲ್ಲ. ಕ್ರಿ.ಪೂ. 2600ರಿಂದ 1900ರವರೆಗಿನ ಪ್ರೌಢ ಹಂತದಲ್ಲಿ ಮೊಹೆಂಜೊದಾರೊ ಸುಮಾರು 250 ಹೆಕ್ಟೇರ್‌ವರೆಗೆ ಹರಡಿತ್ತು. ಇಟ್ಟಿಗೆಗಳು ದೂರದೂರದ ಊರುಗಳಲ್ಲಿಯೂ 1:2:4ರ ಒಂದೇ ಪ್ರಮಾಣದಲ್ಲಿದ್ದವು. ತೂಕದ ಕಲ್ಲುಗಳೂ ಒಂದೇ ಪದ್ಧತಿಯವು. ಇಷ್ಟು ಶಿಸ್ತಿದ್ದೂ ಖಚಿತವಾಗಿ ಅರಮನೆಯೆನ್ನಬಹುದಾದ ಕಟ್ಟಡವಾಗಲಿ, ರಾಜವೈಭವದ ಸಮಾಧಿಯಾಗಲಿ ಸಿಕ್ಕಿಲ್ಲ. ಪಠ್ಯಗಳಲ್ಲಿ ಓದಿರುವ "ಮಹಾ ಕಣಜ"ದ ಬಗ್ಗೆಯೂ ಎಚ್ಚರಿಕೆ ಬೇಕು. ಮೊಹೆಂಜೊದಾರೊದ ಆ ಕಟ್ಟಡವನ್ನು ಕಣಜವೆಂದು ಕರೆದವರು ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್; ಕಾಳು ಸಂಗ್ರಹಿಸಿದ್ದಕ್ಕೆ ಪುರಾವೆ ಅಲ್ಲಿ ದೊರೆತಿಲ್ಲ. ಲಿಪಿಯನ್ನು ಇನ್ನೂ ಓದಲಾಗಿಲ್ಲವಾದ್ದರಿಂದ, ಅವರು ತೆರಿಗೆಯನ್ನು ಹೇಗೆ ಎತ್ತುತ್ತಿದ್ದರೆಂದು ಅವರ ಬಾಯಿಂದಲೇ ಕೇಳುವ ದಾರಿಯೂ ಇಲ್ಲ.

ಇನ್ನು ಮೇಡಂ ಅವರ ಎರಡನೆಯ ಆತಂಕಕ್ಕೆ, ಅಂದರೆ "ಬುದ್ಧಿ ಇರಲಿಲ್ಲ" ಎಂಬ ಮಾತಿಗೆ ಬರುತ್ತೇನೆ. ಉರುಕ್ ಮತ್ತು ಮೊಹೆಂಜೊದಾರೊ ಮೆರೆಯುತ್ತಿದ್ದಾಗ ಕರ್ನಾಟಕದ ನೆಲ ಖಾಲಿಯಿರಲಿಲ್ಲ. ಸುಮಾರು ಕ್ರಿ.ಪೂ. 3000ದಿಂದ ಬಳ್ಳಾರಿ, ರಾಯಚೂರು, ಕಲಬುರಗಿ ಸೀಮೆಗಳಲ್ಲಿ ದನಗಾಹಿಗಳ ಒಂದು ದೊಡ್ಡ ಸಂಸ್ಕೃತಿಯಿತ್ತು. ಅವರು ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಬೆಳೆದ ಬೂದಿಗುಡ್ಡಗಳು ಇಂದಿಗೂ ಇವೆ. ಹಂಪಿಯ ಹತ್ತಿರದ ನಿಂಬಾಪುರದ ಬೂದಿಗುಡ್ಡವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಈ ಜನರ ಬೆಳೆಗಳು ಹುರುಳಿ, ಹೆಸರು ಮತ್ತು ಕೊರಲೆ. ಇಂದು ಸಿರಿಧಾನ್ಯವೆಂದು ಅರಸೀಕೆರೆಯ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಕೊರಲೆಯೇ ಅದು. ಹುರುಳಿ ಮತ್ತು ಕೊರಲೆಯನ್ನು ಕಾಡುಗಿಡದಿಂದ ಹೊಲದ ಬೆಳೆಯಾಗಿ ಪಳಗಿಸಿದ ನೆಲೆಗಳಲ್ಲಿ ದಕ್ಷಿಣ ಭಾರತವೂ ಒಂದು ಎಂಬುದಕ್ಕೆ ಸಸ್ಯಾವಶೇಷಗಳ ಬಲವಿದೆ. ಬುದ್ಧಿ ಇಲ್ಲದವರ ಕೆಲಸವಲ್ಲ ಅದು.

ಆದರೆ ಅವರ ಆಸ್ತಿ ನಾಲ್ಕು ಕಾಲಿನದು. ಮೇವು ತೀರಿದರೆ ಅದು ನಡೆದು ಹೋಗುತ್ತದೆ, ಜೊತೆಗೆ ಒಡೆಯನೂ ಹೋಗುತ್ತಾನೆ. ಹುರುಳಿ ಮತ್ತು ಕೊರಲೆ ಒಣಭೂಮಿಯಲ್ಲಿ ನಂಬಿಗಸ್ತ ಬೆಳೆಗಳಾದರೂ, ಮೆಕ್ಕಲು ನೆಲದ ಬಾರ್ಲಿಯಂತೆ ಒಂದೇ ಕಡೆ ಹತ್ತಾರು ಸಾವಿರ ಜನರನ್ನು ಸಾಕುವಷ್ಟು ಕೊಡುವುದಿಲ್ಲ. ಇಲ್ಲಿಯೇ ಬೆಳೆಗಾರರ ಮಾತಿಗೂ ನನ್ನ ಮಾತಿಗೂ ಸಂಬಂಧ ಸಿಗುತ್ತದೆ. ಚಿಕ್ಕಮಗಳೂರು ಜಿಲ್ಲೆಯೊಂದರಲ್ಲಿಯೇ ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಕಡೂರಿನಲ್ಲಿ 600 ಮಿ.ಮೀ. ಆಸುಪಾಸು. ಒಂದು ಕಡೆ ನೆಲ ತೊಳೆದುಹೋಗುವಷ್ಟು ನೀರು, ಇನ್ನೊಂದು ಕಡೆ ಕೆರೆ ಕಟ್ಟದಿದ್ದರೆ ಸಾಲದಷ್ಟು ನೀರು. ಅಗಲವಾದ ಮೆಕ್ಕಲು ಬಯಲು ಮಾತ್ರ ಎರಡೂ ಕಡೆ ಇಲ್ಲ. ನದಿಯ ಹೆಸರಿಗಿಂತ ಆ ಬಯಲೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಲಿಯಾಂಗ್‌ಝುವಿನಲ್ಲಿಯೂ ಅಂತಹ ಬಯಲಿತ್ತು.

ನಮ್ಮ ಪದವೇ ನಮ್ಮ ದಾರಿ ತಪ್ಪಿಸುತ್ತದೆ ಎಂಬುದನ್ನೂ ಗಮನಿಸಬೇಕು. "ನಗರ"ದಿಂದ "ನಾಗರಿಕತೆ" ಬಂದಿದೆ. ಆದ್ದರಿಂದ ನಗರವಿಲ್ಲದವನು ಅನಾಗರಿಕ ಎಂದು ಭಾಷೆಯೇ ತೀರ್ಪು ಕೊಟ್ಟುಬಿಡುತ್ತದೆ.

ಉತ್ತರ 4: ನಿವೃತ್ತ ಇತಿಹಾಸ ಉಪನ್ಯಾಸಕ, ಚಿಕ್ಕಮಗಳೂರು

ಲಿಯಾಂಗ್‌ಝು ವಿಚಾರದಲ್ಲಿ ನಾನು ಸೋಲೊಪ್ಪುತ್ತೇನೆ. ನಾವು ಓದುವ ಕಾಲಕ್ಕೆ ಚೀನಾ ಎಂದರೆ ಹ್ವಾಂಗ್ ಹೋ ಮಾತ್ರ. ಅದೇ ಟಿಪ್ಪಣಿಯನ್ನು ಮೂವತ್ತು ವರ್ಷ ಬರೆಸಿದ ಪಾಪ ನನ್ನದೂ ಹೌದು. ಆದರೆ ಮಾಯಾ ಉದಾಹರಣೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವರ ಕೈಯಲ್ಲಿ ಮೆಕ್ಕೆಜೋಳವಿತ್ತು. ಒಟ್ಟಿಗೆ ಮಾಗುವ, ಒಣಗಿಸಿ ಇಡಬಹುದಾದ ಧಾನ್ಯವದು. ಆ ಕಾಲದ ನಮ್ಮ ಮಲೆನಾಡಿಗರ ಕೈಯಲ್ಲಿ ಆ ಮಟ್ಟದ ಬೆಳೆ ಇರಲಿಲ್ಲ. ದಕ್ಷಿಣದ ನವಶಿಲಾಯುಗದ ಅವಶೇಷಗಳಲ್ಲಿ ಭತ್ತ ಮುಖ್ಯ ಬೆಳೆಯಾಗಿ ಕಾಣುವುದಿಲ್ಲ, ರಾಗಿಯಂತೂ ಮೂಲತಃ ಆಫ್ರಿಕಾದಿಂದ ಬಂದದ್ದು. ಆದ್ದರಿಂದ ಮೇಡಂ, ತರಗತಿಯಲ್ಲಿ ನದಿಯ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿಸಿ: ನೆಲ ಎಂಥದು, ಬೆಳೆ ಯಾವುದು, ಬಿಟ್ಟು ಹೋಗಲು ದಾರಿಯಿತ್ತೇ.

ಬರವಣಿಗೆಯ ವಿಷಯಕ್ಕೆ ನಿಮ್ಮ ತಾಲ್ಲೂಕಿನಲ್ಲಿಯೇ ಒಂದು ಅಪೂರ್ವ ಸಾಧನವಿದೆ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನವನ್ನು ಮಕ್ಕಳು ಕನ್ನಡದ ಹೆಮ್ಮೆಯಾಗಿ ಕಂಠಪಾಠ ಮಾಡಿರುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ "ಬಾಳ್ಗಳ್ಚು", ಅಂದರೆ ಕತ್ತಿ ತೊಳೆಯುವ ಕೊಡುಗೆಯಾಗಿ, ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟ ದಾಖಲೆ ಅದು. ಊರನ್ನು ಕೊಡುವುದೆಂದರೆ ಅದರ ಹುಟ್ಟುವಳಿಯ ಮೇಲಿನ ಹಕ್ಕನ್ನು ಕೊಡುವುದು. ಉರುಕ್‌ನ ಜೇಡಿಮಣ್ಣಿನ ಹಲಗೆಗೂ ಹಲ್ಮಿಡಿಯ ಕಲ್ಲಿಗೂ ಮೂರೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದ್ದರೂ, ಎರಡನ್ನೂ ಬರೆಸಿದ ಅಗತ್ಯ ಬಹಳ ದೂರದ್ದಲ್ಲ: ಬೆಳೆದವನ ಕಾಳಿನಲ್ಲಿ ಯಾರಿಗೆ ಪಾಲು?

ಮಲೆನಾಡು ಹಳೆಯ ಜಗತ್ತಿನಿಂದ ಬೇರೆಯೇ ಉಳಿದಿತ್ತು ಎಂದೂ ಮಕ್ಕಳು ತಿಳಿಯಬಾರದು. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನೊಳಗೆ ಕಾಳುಮೆಣಸು ತುಂಬಿಸಿದ್ದು ಕಂಡುಬಂದಿದೆ. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಯಾವ ಕಾಡಿನ, ಯಾವ ಕೈಯ ಮೆಣಸೋ ಅದು. ಕೊಯ್ದವರ ಹೆಸರು ಯಾವ ಹಲಗೆಯಲ್ಲಿಯೂ ಇಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ತರಗತಿಯಲ್ಲಿ ಸಕಲೇಶಪುರದಿಂದ ಅರಸೀಕೆರೆಯವರೆಗೆ ಹಾಸನ ಜಿಲ್ಲೆಯ ಭೂಪಟ ಬರೆದು, ಎಲ್ಲಿ ಕಾಳು ಕೂಡಿಡಬಹುದು, ಎಲ್ಲಿಂದ ತಪ್ಪಿಸಿಕೊಂಡು ಹೋಗಬಹುದು ಎಂದು ಮಕ್ಕಳಿಂದಲೇ ಗುರುತು ಮಾಡಿಸಿದೆ. ಬಿಸಿಲೆ ಘಾಟಿಯ ಕಡೆಗೆ ಬಾಣದ ಗುರುತುಗಳು ಎಷ್ಟು ಬಿದ್ದವೆಂದರೆ ಕಾಗದ ಹರಿಯಿತು. "ಬುದ್ಧಿ ಇರಲಿಲ್ಲ" ಎಂದಿದ್ದ ಹುಡುಗನ ಬಾಣವೇ ಎಲ್ಲಕ್ಕಿಂತ ಉದ್ದವಾಗಿತ್ತು. ಅವನು ತೆರಿಗೆ ಕೊಡಲಾರದೆ ಘಟ್ಟ ಇಳಿದು ಸುಬ್ರಹ್ಮಣ್ಯದವರೆಗೆ ಓಡಿದ್ದ. ಮುಂದಿನ ಶನಿವಾರ ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಿ ಶಾಸನ ತೋರಿಸಬೇಕೆಂದಿದ್ದೇನೆ.

ಉತ್ತರ 5: ಪುರಾತತ್ತ್ವ ವಿದ್ಯಾರ್ಥಿ, ಅರಸೀಕೆರೆ

ಹೊರಡುವ ಮುಂಚೆ ಒಂದು ಮಾತು, ಮೇಡಂ. ಈಗ ಹಲ್ಮಿಡಿಯಲ್ಲಿರುವುದು ಶಾಸನದ ಪ್ರತಿಕೃತಿ. ಮೂಲ ಕಲ್ಲನ್ನು ಮೈಸೂರಿನಲ್ಲಿ ಇಡಲಾಗಿದೆ. ಮಕ್ಕಳಿಗೆ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಆ ಹುಡುಗಿ ಅಲ್ಲಿಯೂ ಎದ್ದು ನಿಂತು ಕೇಳುತ್ತಾಳೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಈ ಶಾಸನವನ್ನು ಬೆಳಕಿಗೆ ತಂದರೆಂಬುದನ್ನೂ ಹೇಳಿ. ತಾಳಗುಂದದ ಶಾಸನವೊಂದು ಇದಕ್ಕಿಂತ ಹಳೆಯದೆಂಬ ವಾದವೂ ಈಚೆಗೆ ಬಂದಿರುವುದರಿಂದ, "ಮೊದಲ ಶಾಸನ" ಎಂದು ಹಲಗೆಯ ಮೇಲೆ ಬರೆಯುವಾಗ ಪಕ್ಕದಲ್ಲಿ ಸೀಮೆಸುಣ್ಣದಿಂದ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿರಿ.